ಸೀಮಂತದ ಮನೇಲಿ ಗಂಡೋ ಹೆಣ್ಣೋ ಆಟ ಬೇಡ, ಚೌಕಾಬಾರ ಇರಲಿ

ಸೀಮಂತಕ್ಕೆ ಮನೇಲೇ ಮಾಡಬಹುದಾದ ಆಟ ಯಾವುದಾದ್ರೂ ಇದ್ರೆ ಹೇಳಿ ಅಂತ ಈ ತಿಂಗಳು ಮೂರು ಜನ ಕೇಳಿದ್ರು. ಒಬ್ಬರು ನಮ್ಮ ಹಿಂದಿನ ಕ್ರಾಸಿನವರು, ಒಬ್ಬಳು ದೊಡ್ಡಪ್ಪನ ಮೊಮ್ಮಗಳು, ಇನ್ನೊಬ್ಬರು ಮಲ್ಲಸಂದ್ರದಿಂದ ಫೋನ್ ಮಾಡಿದವರು. ಮೂವರಿಗೂ ಬೇಕಾಗಿದ್ದು ಒಂದೇ. ಅಮೆರಿಕದಲ್ಲಿ ಮಾಡ್ತಾರಲ್ಲ, ಕಪ್ಪು ಬಲೂನ್ ಒಡೆದಾಗ ನೀಲಿ ಪುಡಿ ಉದುರಿದ್ರೆ ಗಂಡು, ಗುಲಾಬಿ ಉದುರಿದ್ರೆ ಹೆಣ್ಣು, ಆ ಜೆಂಡರ್ ರಿವೀಲ್ ಥರದ್ದು. "ನಿಜವಾಗ್ಲೂ ಗೊತ್ತಾಗೋದೇನೂ ಬೇಡಕ್ಕ, ನಮ್ಮಲ್ಲಿ ಅದು ಮಾಡೋ ಹಾಗಿಲ್ವಲ್ಲ. ಸುಮ್ನೆ ಊಹೆ ಮಾಡೋ ಆಟ" ಅಂತ ಮೂವರೂ ಕೊನೇಲಿ ಸೇರಿಸಿದ್ರು.

ನನ್ನ ಉತ್ತರ ಇಷ್ಟೇ. ಆ ಆಟ ಬೇಡ, ಊಹೆಯದ್ದೂ ಬೇಡ. ಅದರ ಬದಲು ಇನ್ನೊಂದು ಆಟ ಇದೆ, ಕೈಯಿಂದ ಒಂದು ಗಂಟೇಲಿ ಮಾಡಬಹುದು, ಖರ್ಚಿಲ್ಲ, ಅರವತ್ತು ದಾಟಿದ ಅಜ್ಜಿಯರೂ ಸೊಸೆಯಂದಿರನ್ನ ಸೋಲಿಸೋ ಆಟ. ಅದನ್ನ ಕೆಳಗೆ ಪೂರ್ತಿ ಬರೆದಿದ್ದೀನಿ. ಮೊದಲು ಯಾಕೆ ಬೇಡ ಅನ್ನೋದನ್ನ ಹೇಳಿಬಿಡ್ತೀನಿ, ಇಲ್ಲದಿದ್ರೆ "ಇವಳಿಗೆ ಎಲ್ಲದ್ರಲ್ಲೂ ಒಂದು ತಕರಾರು" ಅಂದ್ಕೊಳ್ತೀರ.

ಈ ರಿವೀಲ್ ಅನ್ನೋದು ಹಳೇ ಕಾಲದ ಅಮೆರಿಕದ ಶಾಸ್ತ್ರ ಏನಲ್ಲ. 2008ರಲ್ಲಿ ಜೆನ್ನಾ ಕಾರ್ವುನಿಡಿಸ್ ಅನ್ನೋ ಹೆಣ್ಣುಮಗಳು ಕೇಕ್ ಒಳಗೆ ಗುಲಾಬಿ ಬಣ್ಣದ ಕೆನೆ ತುಂಬಿಸಿ, ನೆಂಟರ ಮುಂದೆ ಕತ್ತರಿಸಿ, ಅದನ್ನ ತನ್ನ ಬ್ಲಾಗಲ್ಲಿ ಬರೆದಳು. ಅಲ್ಲಿಂದ ಹಬ್ಬಿತು. ಆಮೇಲೆ 2019ರಲ್ಲಿ ಅವಳೇ, ಹುಟ್ಟೋ ಮುಂಚೆ ಮಗುವಿನ ಬಗ್ಗೆ ಅದೊಂದೇ ವಿಷಯಕ್ಕೆ ಇಷ್ಟು ತೂಕ ಯಾಕೆ ಕೊಟ್ವಿ ಅಂತ ಬೇಜಾರು ಮಾಡ್ಕೊಂಡು ಬರೆದಳು. ಅಂದು ಕೇಕಿನಲ್ಲಿ ಗುಲಾಬಿ ಬಣ್ಣ ಆಗಿ ಬಂದ ಮಗಳು ಆ ಹೊತ್ತಿಗೆ ಹುಡುಗರ ಥರ ಸೂಟ್ ಹಾಕ್ಕೊಂಡು ಓಡಾಡ್ತಿದ್ದಳಂತೆ. ಮಾಡಿದವಳೇ ಬಿಟ್ಟ ಮೇಲೂ ಜನ ಬಿಡಲಿಲ್ಲ. ಕೇಕಿನಿಂದ ಬಲೂನು, ಬಲೂನಿಂದ ಹೊಗೆ, ಹೊಗೆಯಿಂದ ಪಟಾಕಿ. 2020ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಕುಟುಂಬ ಒಣಹುಲ್ಲಿನ ಮಧ್ಯೆ ಬಣ್ಣದ ಹೊಗೆ ಬಿಡೋಕೆ ಹೋಗಿ ಬೆಂಕಿ ಹತ್ತಿ, ಇಪ್ಪತ್ತೆರಡು ಸಾವಿರ ಎಕರೆಗೂ ಜಾಸ್ತಿ ಕಾಡು ಸುಟ್ಟುಹೋಯ್ತು. ಬೆಂಕಿ ಆರಿಸೋಕೆ ಹೋದ ಒಬ್ಬರು ಸತ್ತೇ ಹೋದ್ರು. ಮಗು ಗಂಡೋ ಹೆಣ್ಣೋ ಅಂತ ಹೇಳೋಕೆ ಇಷ್ಟು!

ಅಲ್ಲಿ ಹೇಗೆ ನಡೆಯುತ್ತೆ ಅಂದ್ರೆ, ಡಾಕ್ಟರು ಚೀಟಿ ಬರೆದು ಕವರಿಗೆ ಹಾಕಿ ಅಂಟಿಸಿ ಕೊಡ್ತಾರೆ, ಕವರು ಸೀದಾ ಬೇಕರಿಯವನ ಕೈಗೆ, ಅವನು ಬಣ್ಣ ಹಾಕ್ತಾನೆ. ನಮ್ಮಲ್ಲಿ ಆ ಕವರೇ ಅಪರಾಧ. ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೆ ಬೋರ್ಡ್ ಇರುತ್ತಲ್ಲ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡೋದಿಲ್ಲ, ಅದು ಶಿಕ್ಷಾರ್ಹ ಅಂತ. ಕುರ್ಚಿ ಮೇಲೆ ಕೂತು ನೀರು ಕುಡಿದು ಕುಡಿದು ಕಾಯೋವಾಗ ನಾವೆಲ್ಲ ಹತ್ತು ಸಲ ಓದಿರ್ತೀವಿ. ಆ ಕಾನೂನು ಬಂದಿದ್ದು 1994ರಲ್ಲಿ, ಜಾರಿಯಾಗಿದ್ದು 1996ರ ಜನವರಿ 1ಕ್ಕೆ, ಇನ್ನೂ ಬಿಗಿ ಮಾಡಿದ್ದು 2003ರಲ್ಲಿ. ಮಾತಿನಲ್ಲಿ ಮಾತ್ರ ಅಲ್ಲ, ಸನ್ನೆ ಮಾಡಿಯೂ, ಬೇರೆ ಯಾವ ರೀತಿಯಲ್ಲೂ ಬಸುರಿಗಾಗಲಿ ಅವಳ ಮನೆಯವರಿಗಾಗಲಿ ತಿಳಿಸೋ ಹಾಗಿಲ್ಲ. ಗುಲಾಬಿ ಬಣ್ಣದ ಕೇಕ್ ಸನ್ನೆ ಅಲ್ಲದೆ ಇನ್ನೇನು? ಪತ್ತೆ ಮಾಡಿಸೋಕೆ ಹೋದವರಿಗೂ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಎರಡನೇ ಸಲ ಸಿಕ್ಕಿಬಿದ್ರೆ ಐದು ವರ್ಷ, ಒಂದು ಲಕ್ಷ. ಇದರಲ್ಲಿ ನನಗೆ ಹಿಡಿಸಿದ ಮಾತು ಒಂದಿದೆ. ಒತ್ತಾಯಕ್ಕೆ ಒಳಗಾದ ಬಸುರಿಗೆ ಶಿಕ್ಷೆ ಇಲ್ಲ. ಬೇರೆ ಥರ ಸಾಬೀತಾಗೋ ತನಕ, ಅವಳನ್ನ ಒತ್ತಾಯ ಮಾಡಿದ್ದು ಗಂಡ, ಮನೆಯವರು ಅಂತ್ಲೇ ಕಾನೂನು ಮೊದಲು ಲೆಕ್ಕ ಹಾಕುತ್ತೆ. ಬರೆದವರಿಗೆ ನಮ್ಮ ಮನೆಗಳು ಚೆನ್ನಾಗಿ ಗೊತ್ತಿದ್ವು ಅನ್ಸುತ್ತೆ.

ಹೊರದೇಶದಲ್ಲಿ ಗೊತ್ತುಮಾಡ್ಕೊಂಡು ಬಂದು ಇಲ್ಲಿ ಹೇಳಿದ್ರೆ ತಪ್ಪಿಸ್ಕೋಬಹುದು ಅಂತಾನೂ ಅಂದ್ಕೋಬೇಡಿ. 2024ರ ಮೇ ತಿಂಗಳಲ್ಲಿ ಚೆನ್ನೈನ ಯೂಟ್ಯೂಬರ್ ಇರ್ಫಾನ್ ದುಬೈನಲ್ಲಿ ಪರೀಕ್ಷೆ ಮಾಡಿಸ್ಕೊಂಡು ಬಂದು, ಪಾರ್ಟಿ ಮಾಡಿ, ವಿಡಿಯೋ ಹಾಕಿದ. ತಮಿಳುನಾಡು ಆರೋಗ್ಯ ಇಲಾಖೆ ನೋಟಿಸ್ ಕೊಟ್ಟಿತು. ವಿಡಿಯೋ ತೆಗೆದು ಕ್ಷಮೆ ಕೇಳಬೇಕಾಯ್ತು.

"ನಾವೇನು ಸ್ಕ್ಯಾನ್ ಮಾಡಿಸ್ತಿಲ್ವಲ್ಲ, ಬರೀ ಊಹೆ ತಾನೆ?" ಸರಿ, ಊಹೆ ಮಾಡಿದ್ರೆ ಪೊಲೀಸ್ ಬರಲ್ಲ. ಊಹೆ ನಮ್ಮಲ್ಲಿ ಹೊಸದೂ ಅಲ್ಲ. ಹೊಟ್ಟೆ ಚೂಪಾಗಿದ್ರೆ ಗಂಡು, ಅಗಲವಾಗಿದ್ರೆ ಹೆಣ್ಣು. ಹುಳಿ ಬೇಕು ಅಂದ್ರೆ ಒಂದು, ಸಿಹಿ ಬೇಕು ಅಂದ್ರೆ ಇನ್ನೊಂದು. ಮುಖ ಕಳೆಕಟ್ಟಿದ್ರೆ ಹೀಗೆ, ಬಾಡಿದ್ರೆ ಹಾಗೆ. ಕೂತವಳು ಏಳೋವಾಗ ಯಾವ ಕೈ ಊರಿದಳು, ಹೊಸಿಲು ದಾಟೋವಾಗ ಯಾವ ಕಾಲು ಮುಂದಿಟ್ಟಳು ಅಂತ ನೋಡೋ ದೊಡ್ಡಮ್ಮಂದಿರು ಪ್ರತಿ ಮನೇಲೂ ಇದ್ದಾರೆ. ಮರಾಠಿ ಮನೆಗಳ ಡೋಹಾಳೆ ಜೇವಣದಲ್ಲಿ ಎರಡು ಬಟ್ಟಲು ಮುಚ್ಚಿಟ್ಟಿರ್ತಾರೆ, ಒಂದರಲ್ಲಿ ಪೇಡಾ, ಒಂದರಲ್ಲಿ ಬರ್ಫಿ. ಬಸುರಿ ಯಾವುದನ್ನ ತೆಗೀತಾಳೋ ಅದರ ಮೇಲೆ ಗಂಡು ಹೆಣ್ಣು. ಈಗ ಅದೇ ಆಟ ಇಲ್ಲಿಯ ಸೀಮಂತಗಳಿಗೂ ಬಂದಿದೆ. ಹೆಸರಘಟ್ಟ ರೋಡಲ್ಲಿ ಬಲೂನ್ ಅಲಂಕಾರ ಮಾಡೋರು ನೀಲಿ ಒಂದು ಕಡೆ ಗುಲಾಬಿ ಒಂದು ಕಡೆ ಕಟ್ಟಿ, ಮಧ್ಯೆ ಬಸುರೀನ ಕೂರಿಸೋಕೆ ಕುರ್ಚಿ ಇಡ್ತಾರೆ. ಹಸಿರು ಬಳೆ, ಹಸಿರು ಸೀರೆ ಉಟ್ಟವಳ ಹಿಂದೆ ಆ ಎರಡು ಬಣ್ಣ ಹೇಗೆ ಕಾಣುತ್ತೆ ಅನ್ನೋ ವಿಚಾರ ಬಿಡಿ, ಅದು ನನ್ನ ಕಣ್ಣಿನ ತಕರಾರು.

ಹಳೇದು ಅಂದ ಮಾತ್ರಕ್ಕೆ ಒಳ್ಳೇದೂ ಅಲ್ಲ. ಪುಂಸವನ ಅಂತ ಒಂದು ಸಂಸ್ಕಾರ ಇದೆ, ಮೂರನೇ ತಿಂಗಳು ಮಾಡೋದು, ಹೆಸರಿನ ಅರ್ಥವೇ ಗಂಡು ಹುಟ್ಟಲಿ ಅಂತ. ಸೀಮಂತ ಅಂದ್ರೆ ಪಾಪ ಬರೀ ಬೈತಲೆ ತೆಗೆಯೋದು, ಬಸುರಿಯ ತಲೆಗೂದಲು ಎರಡು ಭಾಗ ಮಾಡಿ ಬಾಚೋದು. ಅಂದ್ರೆ ಇದು ಅವಳ ಹಬ್ಬ. ಅವಳಿಗೆ ಬಳೆ, ಅವಳಿಗೆ ಮಡಿಲು ತುಂಬೋದು, ಅವಳಿಗೆ ಬಯಕೆ ಊಟ. ಅದರ ಮಧ್ಯೆ ಗಂಡು ಹೆಣ್ಣಿನ ಆಟ ತಂದು ಇಟ್ರೆ ಎಲ್ಲರ ಕಣ್ಣು ಅವಳ ಮುಖದಿಂದ ಜಾರಿ ಹೊಟ್ಟೆ ಮೇಲೆ ಹೋಗುತ್ತೆ.

ಹೋದ ವರ್ಷ ನೆಂಟರ ಮನೆ ಸೀಮಂತದಲ್ಲಿ ಚೀಟಿ ಆಟ ಇಟ್ಟಿದ್ರು. ಒಂದು ನೀಲಿ ಡಬ್ಬ, ಒಂದು ಗುಲಾಬಿ ಡಬ್ಬ. ಬಂದವರೆಲ್ಲ ಹೆಸರು ಬರೆದು ಒಂದರಲ್ಲಿ ಹಾಕಬೇಕು, ಮಗು ಹುಟ್ಟಿದ ಮೇಲೆ ಸರಿ ಹೇಳಿದವರಿಗೆ ಸ್ಟೀಲ್ ಡಬ್ಬಿ ಬಹುಮಾನ. ಅವಳಿಗೆ ಇದು ಎರಡನೇದು, ಮೊದಲನೇದು ಹೆಣ್ಣು, ಆರು ವರ್ಷದವಳು. ನೀಲಿ ಡಬ್ಬ ತುಂಬಿ ಮುಚ್ಚಳ ಹಾಕೋಕಾಗಲಿಲ್ಲ. ಗುಲಾಬಿ ಡಬ್ಬದಲ್ಲಿ ನಾಲ್ಕೋ ಐದೋ ಚೀಟಿ. ಯಾರೂ ಕೆಟ್ಟ ಮನಸ್ಸಿಂದ ಹಾಕಿದ್ದಲ್ಲ, "ಮೊದಲನೇದು ಹೆಣ್ಣಲ್ವಾ, ಆರತಿಗೊಂದು ಆಯ್ತು, ಕೀರ್ತಿಗೊಂದು ಆಗಲಿ" ಅಂತ ನಗ್ತಾ ನಗ್ತಾ ಹಾಕಿದ್ದು. ಆ ದೊಡ್ಡ ಮಗು ಎರಡೂ ಡಬ್ಬದ ಹತ್ರ ನಿಂತ್ಕೊಂಡು ನೋಡ್ತಾನೇ ಇತ್ತು. ಆಮೇಲೆ ಅವಳ ಅಜ್ಜಿಯ ಸೆರಗು ಎಳೆದು ಕೇಳ್ತು, "ಅಜ್ಜಿ, ನನ್ನ ಸಲನೂ ನೀನು ಇದ್ರಲ್ಲೇ ಹಾಕಿದ್ದಾ?" ಅಜ್ಜಿ ಹತ್ರ ಮಾತಿರಲಿಲ್ಲ. ಲಾಡು ಕೊಟ್ಟು ಕಳಿಸಿದ್ರು. ಅವಳಮ್ಮ ಅಲ್ಲೇ ಕುರ್ಚಿ ಮೇಲೆ, ಎರಡೂ ಕೈ ತುಂಬ ಬಳೆ, ಮಡಿಲಲ್ಲಿ ತೆಂಗಿನಕಾಯಿ ಹಿಡ್ಕೊಂಡು ಕೂತಿದ್ದಳು. ಎದ್ದು ಹೋಗೋ ಹಾಗೂ ಇಲ್ಲ.

ಊಹೆ ಆಟದಲ್ಲಿ ನಡೆಯೋದು ಇದೇ. ಅದು ಊಹೆ ಅಲ್ಲ, ಓಟು. ಆ ಡಬ್ಬಗಳ ಮುಂದೆ ಕೂತವಳಿಗೆ ಇನ್ನು ಎರಡು ತಿಂಗಳು ನಿದ್ದೆ ಬರುತ್ತಾ? ಹೆಣ್ಣಾದ್ರೆ ಇಷ್ಟು ಜನ ಸೋತ ಹಾಗೆ. ಹುಟ್ಟೋ ಮೊದಲೇ ಆ ಮಗು ಒಂದು ಸ್ಟೀಲ್ ಡಬ್ಬಿ ಸೋತಿರುತ್ತೆ. ಗಂಡು ಹೆಣ್ಣು ತೀರ್ಮಾನ ಆಗೋದು ಅಪ್ಪನ ಕಡೆಯ ಬೀಜದಿಂದ ಅಂತ ಹೈಸ್ಕೂಲಲ್ಲಿ ನಾವೆಲ್ಲ ಓದಿದ್ದೀವಿ. ಆದ್ರೆ ಓಟಿನ ಡಬ್ಬ ಮಾತ್ರ ಅಮ್ಮನ ಮುಂದೆ ಇಡ್ತೀವಿ.

ನಮ್ಮ ಬೆಂಗಳೂರಲ್ಲಿ ಅಂಥದ್ದೆಲ್ಲ ಇಲ್ಲ, ಅದು ಉತ್ತರದ ಕಡೆ ಅಂತ ಹೇಳೋರಿಗೆ ಒಂದು ಸುದ್ದಿ ನೆನಪಿಸ್ತೀನಿ. 2023ರ ಕೊನೆಯಲ್ಲಿ ನಮ್ಮ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲ ಹಿಡಿದ್ರು. ಅದರ ಸ್ಕ್ಯಾನಿಂಗ್ ಮಿಷನ್ ಇದ್ದಿದ್ದು ಮಂಡ್ಯ ಕಡೆ ಒಂದು ಆಲೆಮನೇಲಿ. ಕಬ್ಬು ಅರೆದು ಬೆಲ್ಲ ಕಾಯಿಸೋ ಜಾಗ. ಹೊರಗಿನವರಿಗೆ ಆಲೆಮನೆ, ಒಳಗೆ ಹೊಟ್ಟೆಯಲ್ಲಿರೋದು ಹೆಣ್ಣಾ ಅಂತ ನೋಡೋ ಮಿಷನ್ನು. ಹೆಣ್ಣಾದ್ರೆ ಮುಂದೆ ಏನು ಮಾಡ್ತಿದ್ರು ಅಂತ ನಾನು ಇಲ್ಲಿ ಬರೆಯಲ್ಲ, ನೀವೂ ಪೇಪರಲ್ಲಿ ಓದಿದ್ದೀರ. ಡಾಕ್ಟರುಗಳೂ ಅರೆಸ್ಟಾದ್ರು, ಕೇಸು ಸಿಐಡಿಗೆ ಹೋಯ್ತು. ಮಗು ಹುಟ್ಟಿದ ಮನೆಗೆ ನಾವು ತಗೊಂಡು ಹೋಗೋ ಬೆಲ್ಲ ಅಲ್ಲಿಂದಾನೂ ಬಂದಿರಬಹುದು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು. ದೇಶಕ್ಕೆಲ್ಲ ಸೇರಿ ನೋಡಿದ್ರೆ 919. ನಾವು ವಾಸಿ ಅಂತ ಹೇಳ್ಕೋಬಹುದು, ಹೆಮ್ಮೆ ಪಡೋ ಲೆಕ್ಕವೇನೂ ಅಲ್ಲ.

ಆ ಆಲೆಮನೆಗೆ ಹೋದವರೆಲ್ಲ ರಾಕ್ಷಸರಾ? ಅಲ್ಲ. ಅವರ ಮನೇಲೂ ಸೀಮಂತ ನಡೆದಿರುತ್ತೆ, ಅಲ್ಲೂ ಯಾರೋ ನಗ್ತಾ ನಗ್ತಾ "ಗಂಡೇ ಆಗಲಿ ಕಣಮ್ಮ" ಅಂದಿರ್ತಾರೆ. ನೀಲಿ ಡಬ್ಬಕ್ಕೆ ಚೀಟಿ ಹಾಕಿದ ನಮ್ಮ ಚಿಕ್ಕಮ್ಮ ಅವರಷ್ಟು ಕೆಟ್ಟವಳು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ಮಿಷನ್ನಿಗೆ ಗಿರಾಕಿ ಹುಟ್ಟೋದು ನಾವು ತಮಾಷೆ ಮಾಡೋ ಇದೇ ನಡುಮನೇಲಿ.

ಇದಕ್ಕೆ ನನ್ನ ಸ್ವಂತ ತಂಗೀನೇ ಹೇಳಿದ ಮಾತು ಇದೆ. "ನಾನು ಗುಲಾಬಿ ಡಬ್ಬಕ್ಕೇ ಹಾಕ್ತೀನಿ ಕಣೇ, ನನಗೆ ಹೆಣ್ಣೇ ಬೇಕು, ಆಗೇನು?" ಅಂದ್ಳು. ಹೆಣ್ಣು ಬೇಕು ಅಂತ ಗಟ್ಟಿಯಾಗಿ ಹೇಳೋ ಮನೆಗಳು ಈಗ ನಿಜವಾಗ್ಲೂ ಜಾಸ್ತಿ ಆಗಿವೆ, ನನಗೂ ಸಂತೋಷ. ಆದ್ರೂ ಡಬ್ಬ ಎರಡು ಇದ್ರೆ ಎಣಿಸೋದು ಇದ್ದೇ ಇರುತ್ತೆ, ಎಣಿಸಿದ ಮೇಲೆ ಒಂದು ಕಡೆ ಕಮ್ಮಿ ಇರುತ್ತೆ. ಎರಡು ಗಂಡುಮಕ್ಕಳ ತಾಯಿ ಮೂರನೇದಕ್ಕೂ ಗಂಡೇ ಹೆತ್ರೆ ಆ ಮಗುವಿಗೆ ಹೆಣ್ಣಿನ ಜಡೆ ಹಾಕಿ ಫೋಟೋ ತೆಗೆಸಿ ಆಸೆ ತೀರಿಸ್ಕೋತಾರೆ, ನೋಡಿಲ್ವಾ?

ಈಗ ಆಟಕ್ಕೆ ಬರೋಣ.

ಚೌಕಾಬಾರ ಎಲ್ಲರಿಗೂ ಗೊತ್ತು. ಐದು ಮನೆ ಉದ್ದ, ಐದು ಮನೆ ಅಗಲ, ಒಟ್ಟು ಇಪ್ಪತ್ತೈದು. ಇದನ್ನ ನಾನು ಚಾರ್ಟ್ ಪೇಪರ್ ಮೇಲೆ ಗೀಚ್ತಾ ಕೂತಾಗ ಗಮನಕ್ಕೆ ಬಂದಿದ್ದು ಏನು ಅಂದ್ರೆ, ಹೊರಗಿನ ಸುತ್ತಲ್ಲಿ ಹದಿನಾರು ಮನೆ, ಒಳಗಿನ ಸುತ್ತಲ್ಲಿ ಎಂಟು, ಮಧ್ಯೆ ಒಂದು. ಎಂಟು ಮತ್ತೆ ಒಂದು, ಒಂಬತ್ತು. ಒಂಬತ್ತು ತಿಂಗಳು! ಕಾಯಿ ಒಳಗಿನ ಸುತ್ತಿಗೆ ಕಾಲಿಟ್ರೆ ಒಂದನೇ ತಿಂಗಳು, ಎಂಟು ದಾಟಿ ಮಧ್ಯದ ಮನೆ ಸೇರಿದ್ರೆ ಒಂಬತ್ತು. ಆಗ ನಾವು ಏನಂತೀವಿ? ಕಾಯಿ ಹಣ್ಣಾಯ್ತು ಅಂತೀವಿ. ಸೀಮಂತಕ್ಕೆ ಅಂತ್ಲೇ ಮಾಡಿಟ್ಟ ಹಾಗಿದೆ, ಬಲೂನ್ ಯಾಕೆ ಬೇಕು ಹೇಳಿ.

ಹಲಗೆ ಮಾಡೋಕೆ ದಪ್ಪ ರಟ್ಟು ಸಾಕು, ಫ್ರಿಜ್ಜೋ ವಾಷಿಂಗ್ ಮಿಷನ್ನೋ ಬಂದ ಡಬ್ಬದ ಒಂದು ಕಡೆ ಕತ್ತರಿಸ್ಕೊಳ್ಳಿ. ಒಂದೊಂದು ಮನೆ ಆದಷ್ಟು ದೊಡ್ಡದಾಗಿರಲಿ, ದೂರ ಕೂತವರಿಗೂ ಕಾಣಬೇಕು. ಹಳೇ ಸೀರೆ ಅಂಚು ಸುತ್ತ ಅಂಟಿಸಿದ್ರೆ ನೋಡೋಕೂ ಲಕ್ಷಣ. ನಾಲ್ಕು ಕಡೆಯ ನಡುಮನೆಗೂ ಮಧ್ಯದ ಮನೆಗೂ ಎಂದಿನಂತೆ ಅಡ್ಡಗೆರೆ ಹಾಕಿ ಕಟ್ಟೆ ಮಾಡಿ. ಒಳಗಿನ ಮನೆಗಳ ಮೇಲೆ ತಿಂಗಳ ನಂಬರ್ ಮಾತ್ರ ಬರೀಬೇಡಿ. ನಾಲ್ಕು ಕಡೆಯವರೂ ಬೇರೆ ಬೇರೆ ಮೂಲೆಯಿಂದ ಒಳಗೆ ಹೋಗ್ತಾರೆ, ಯಾರು ಎಲ್ಲಿಂದ ಒಳಗೆ ಹೋದರೋ ಅಲ್ಲಿಂದ ಅವರ ಒಂದನೇ ತಿಂಗಳು. ಬಾಯಲ್ಲೇ ಕೂಗಿ ಎಣಿಸಿ, ಗಲಾಟೆಯೂ ಚೆನ್ನಾಗಿರುತ್ತೆ.

ನಾಲ್ಕು ಪಂಗಡ ಮಾಡಿ. ತವರಿನವರು ಒಂದು, ಅತ್ತೆ ಮನೆಯವರು ಒಂದು, ಬೀದಿಯವರು ಒಂದು, ಅವಳ ಕೆಲಸದ ಜೊತೆಯವರು ಒಂದು. ನಮ್ಮ ಕಡೆ ಪೀಣ್ಯದ ಗಾರ್ಮೆಂಟ್ಸಿಗೆ, ಫ್ಯಾಕ್ಟರಿಗೆ ಹೋಗೋ ಹೆಣ್ಣುಮಕ್ಕಳೇ ಜಾಸ್ತಿ, ಅವರ ಲೈನಿನ ಜೊತೆಗಾತಿಯರು ಬಂದೇ ಬರ್ತಾರೆ, ಬಂದು ಮೂಲೇಲಿ ಕೂತು ಊಟ ಮಾಡಿ ಹೋಗ್ಬಿಡ್ತಾರೆ. ಈ ಆಟದಲ್ಲಿ ಅವರಿಗೂ ಒಂದು ಕಡೆ ಸಿಕ್ಕ ಹಾಗಾಯ್ತು. ಪಂಗಡಕ್ಕೆ ನಾಲ್ಕು ಕಾಯಿ ಬೇಡ, ಎರಡೇ ಸಾಕು, ಇಲ್ಲದಿದ್ರೆ ಊಟ ಆರಿಹೋಗುತ್ತೆ. ಒಂದು ಕಡೆಗೆ ಬಳೆ ಚೂರು, ಒಂದಕ್ಕೆ ಅಡಿಕೆ, ಒಂದಕ್ಕೆ ಏಲಕ್ಕಿ, ಒಂದಕ್ಕೆ ಕಡಲೆ. ಏಲಕ್ಕಿ ಉರುಳುತ್ತೆ ಅನ್ನೋರು ಗುಂಡಿ ಇಟ್ಕೊಳ್ಳಿ, ಗಾರ್ಮೆಂಟ್ಸಿನವರ ಹತ್ರ ಗುಂಡಿಗೇನು ಬರ.

ಕವಡೆ ನಾಲ್ಕು. ಒಂದು ಅಂಗಾತ ಬಿದ್ರೆ ಒಂದು, ಎರಡು ಬಿದ್ರೆ ಎರಡು, ಮೂರು ಬಿದ್ರೆ ಮೂರು, ನಾಲ್ಕೂ ಅಂಗಾತ ಬಿದ್ರೆ ಚೌಕ ನಾಲ್ಕು, ನಾಲ್ಕೂ ಬೋರಲು ಬಿದ್ರೆ ಬಾರ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಸಲ ಹಾಕಬಹುದು. ಕವಡೆ ಮನೇಲಿ ಇಲ್ಲ ಅಂದ್ರೆ ದೊಡ್ಡ ಹುಣಸೆ ಬೀಜ ನಾಲ್ಕು ತಗೊಂಡು ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಮಕ್ಕಳ ಕೈಗೆ ಕೊಟ್ರೆ ಹತ್ತು ನಿಮಿಷದಲ್ಲಿ ಉಜ್ಜಿ ಕೊಡ್ತಾವೆ.

ನಾನು ಬದಲಾಯಿಸಿದ್ದು ಎರಡೇ ನಿಯಮ.

ಹಳೇ ಆಟದಲ್ಲಿ ಎದುರಾಳಿಯ ಒಂದು ಕಾಯಾದ್ರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗೋ ಹಾಗಿಲ್ಲ. ಸೀಮಂತದ ಮನೇಲಿ ಅದರ ಬದಲು, ಒಂದು ಚೀಟಿ ಬರೆಯದೆ ಒಳಗೆ ಹೋಗೋ ಹಾಗಿಲ್ಲ. ಚೀಟಿಯಲ್ಲಿ ಏನು ಬರೀಬೇಕು ಅಂದ್ರೆ, ಬಾಣಂತನಕ್ಕೆ ನಾನು ಮಾಡಿಕೊಡೋ ಒಂದು ಕೆಲಸ. ಹೆಸರು ಸಮೇತ, ದಿನ ಸಮೇತ. "ಏನು ಬೇಕಾದ್ರೂ ಕೇಳಮ್ಮ" ಅಂತ ಬರೆದ್ರೆ ಆ ಚೀಟಿ ನಡೆಯಲ್ಲ, ಅಂಥ ಮಾತು ಎಲ್ಲರೂ ಆಡ್ತಾರೆ. "ಮಗು ಬಂದ ಮೊದಲ ವಾರ ದೊಡ್ಡವಳನ್ನ ಸ್ಕೂಲಿಗೆ ಬಿಟ್ಟು ಕರ್ಕೊಂಡು ಬರ್ತೀನಿ" ಅಂತ ಬರೆದ್ರೆ ನಡೆಯುತ್ತೆ. "ಬುಧವಾರ, ಶನಿವಾರ ರಾತ್ರಿ ಹತ್ತರಿಂದ ಎರಡರ ತನಕ ಮಗು ನನ್ನ ಹತ್ರ, ಅವಳು ಮಲಗ್ಲಿ." "ನಂದು ಓ ನೆಗೆಟಿವ್ ರಕ್ತ, ಬೇಕಾದ್ರೆ ರಾತ್ರಿ ಎಷ್ಟು ಹೊತ್ತಾದ್ರೂ ಫೋನ್ ಮಾಡಿ." "ನಮ್ಮನೆಯವರ ಆಟೋ ಇದೆ, ನೋವು ಬಂದ ದಿನ ಎಂಟನೇ ಮೈಲಿ ಟ್ರಾಫಿಕ್ಕಿಗೆ ಕಾಯದೆ ಒಳದಾರಿಯಲ್ಲಿ ಕರ್ಕೊಂಡು ಹೋಗ್ತಾರೆ." "ಮಗೂಗೆ ನೀರು ಹಾಕೋಕೆ ನನಗೆ ಬರುತ್ತೆ, ಹತ್ತು ದಿನ ಬೆಳಿಗ್ಗೆ ಬರ್ತೀನಿ." ಇಂಥವು. ಗಂಡಸರೂ ಬರೀಬೇಕು. ಗಂಡಸರು ಹೊರಗೆ ಶಾಮಿಯಾನ ಕೆಳಗೆ ಕೂತಿರ್ತಾರೆ, ಚೀಟಿ ಪೆನ್ನು ಅಲ್ಲಿಗೇ ಕಳಿಸಿ. ಮಗುವಿನ ಅಪ್ಪನ ಚೀಟಿ ಮೊದಲು ಬೀಳದೆ ಯಾರ ಕಾಯೂ ಒಳಗೆ ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ.

ಎರಡನೇ ನಿಯಮ, ಒಳಗಿನ ಸುತ್ತಿಗೆ ಬಂದ ಕಾಯನ್ನ ಯಾರೂ ಹೊಡೆಯೋ ಹಾಗಿಲ್ಲ. ಹೊರಗಿನ ಸುತ್ತಲ್ಲಿ ಎಷ್ಟು ಬೇಕಾದ್ರೂ ಹೊಡ್ಕೊಳ್ಳಿ, ಅತ್ತೆ ಮನೆ ತವರಿನ ಲೆಕ್ಕ ಎಲ್ಲ ಅಲ್ಲೇ ತೀರಿಸ್ಕೊಳ್ಳಿ. ತಿಂಗಳು ತುಂಬ್ತಾ ಇರೋ ಕಾಯಿಗೆ ಕೈ ಹಾಕಬೇಡಿ. ಈ ನಿಯಮ ಹೇಳಿದಾಗ ಒಬ್ಬ ಅಜ್ಜಿ "ಹಂಗೇ ಇರ್ಬೇಕು ಕಣವ್ವ" ಅಂತ ಸುಮ್ನೆ ಅಂದ್ರು. ಅವರ ಮೂರು ಮಕ್ಕಳು ನಿಲ್ಲಲಿಲ್ಲ ಅಂತ ನಮಗೆಲ್ಲ ಗೊತ್ತು.

ಚೀಟಿ ಯಾಕೆ ಇಷ್ಟು ಮುಖ್ಯ ಅಂದ್ರೆ, ಬಾಗಲಗುಂಟೆಯಲ್ಲಿ ಈಗ ಬಾಣಂತನ ಅನ್ನೋದೇ ದೊಡ್ಡ ಕಷ್ಟ. ಅರ್ಧ ಬೀದಿ ತುಮಕೂರು, ಹಾಸನ, ರಾಯಚೂರು, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದವರು. ತವರಿಗೆ ಹೋಗೋಣ ಅಂದ್ರೆ ತಾಯಿಯೂ ಕೂಲಿಗೆ ಹೋಗ್ತಾಳೆ, ಇಲ್ಲಾ ಇಲ್ಲೇ ಇನ್ನೊಂದು ಫ್ಯಾಕ್ಟರಿಯಲ್ಲಿ ಅವಳೂ ದುಡೀತಿದ್ದಾಳೆ. ಒಂದು ರೂಮು, ಒಂದು ಅಡುಗೆಮನೆ, ಬಾಡಿಗೆ ಮನೇಲಿ ನೀರು ಎರಡು ದಿನಕ್ಕೊಂದು ಸಲ. ಮೂರು ತಿಂಗಳು ಕಿವಿಗೆ ಹತ್ತಿ ಇಟ್ಕೊಂಡು ಕೂರಿಸಿ ನೋಡ್ಕೊಳ್ಳೋ ಕಾಲ ಹೋಯ್ತು. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಅಂತ ಕಾನೂನಿದೆ, ಲೈನಿನಲ್ಲಿ ದುಡಿಯೋ ಎಷ್ಟೋ ಜನಕ್ಕೆ ಅದು ಇದೆ ಅನ್ನೋದೇ ಗೊತ್ತಿಲ್ಲ. ಎರಡು ಮಕ್ಕಳಿರುವಾಗ ಮೂರನೇದಕ್ಕೆ 12 ವಾರ ಮಾತ್ರ. ಗಂಡಾಗ್ಲಿ ಅಂತ ಮೂರನೇದಕ್ಕೆ ಒತ್ತಾಯ ಮಾಡೋ ಅತ್ತೆಯರು ಈ ಲೆಕ್ಕಾನೂ ಒಂದು ಸಲ ಕೂಡಿಸಿ ನೋಡಬೇಕು.

ಹೊಟ್ಟೇಲಿರೋದು ಏನು ಅಂತ ಮೂವತ್ತು ಜನ ಚೀಟಿ ಬರೀತಾರೆ. ಹುಟ್ಟಿದ ಮೇಲೆ ಮೂರನೇ ರಾತ್ರಿ ಯಾರು ಎದ್ದಿರ್ತಾರೆ ಅಂತ ಒಬ್ಬರೂ ಬರೆಯಲ್ಲ. ಸಿಟ್ಟು ಬರೋದು ಅದಕ್ಕೇ.

ಊಹೆ ಇಲ್ಲದೆ ಆಟ ಸಪ್ಪೆ ಅನ್ನೋರಿಗೆ ಊಹೆಯೂ ಇರಲಿ. ದಿನ ಊಹಿಸಿ. ಕ್ಯಾಲೆಂಡರಿನ ಆ ತಿಂಗಳ ಹಾಳೆ ಗೋಡೆಗೆ ಅಂಟಿಸಿ, ಒಬ್ಬೊಬ್ಬರು ಒಂದು ದಿನದ ಮೇಲೆ ಕುಂಕುಮದ ಬೊಟ್ಟು ಇಟ್ಟು ಪಕ್ಕದಲ್ಲಿ ಹೆಸರು ಬರೀಲಿ. ಡಾಕ್ಟರು ಕೊಟ್ಟ ದಿನಕ್ಕೇ ಸರಿಯಾಗಿ ಹುಟ್ಟೋ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೇ, ಹಾಗಾಗಿ ಆ ದಿನಕ್ಕೇ ಬೊಟ್ಟು ಇಡೋ ಬುದ್ಧಿವಂತರು ಸಾಮಾನ್ಯವಾಗಿ ಸೋಲ್ತಾರೆ. ತೂಕ ಊಹಿಸೋದಾದ್ರೆ ಎರಡೂವರೆ ಕೆಜಿಗಿಂತ ಕಮ್ಮಿ ಬರೆಯೋ ಹಾಗಿಲ್ಲ ಅಂತ ಕಟ್ಟು ಮಾಡಿ. ಎರಡೂವರೆಗಿಂತ ಕಮ್ಮಿ ಆದ್ರೆ ಡಾಕ್ಟರು ಕಮ್ಮಿ ತೂಕ ಅಂತಾರೆ, ಶುಭಕಾರ್ಯದಲ್ಲಿ ಯಾರೂ ಅದನ್ನ ಬಾಯಲ್ಲಿ ಆಡೋದು ಬೇಡ. ತಲೆಗೂದಲು ಜಾಸ್ತಿ ಇರುತ್ತಾ ಕಮ್ಮಿ ಇರುತ್ತಾ, ಮೊದಲು ಯಾರ ಕೈಯಲ್ಲಿ ಅಳು ನಿಲ್ಲಿಸುತ್ತೆ, ಇವೆಲ್ಲ ಊಹಿಸೋಕೆ ಏನೂ ತೊಂದರೆ ಇಲ್ಲ. ಬಣ್ಣ ಬೇಡ. ಕಪ್ಪೋ ಬಿಳಿಯೋ ಅನ್ನೋದು ಗಂಡೋ ಹೆಣ್ಣೋ ಅನ್ನೋದರ ತಂಗಿ.

ನೀಲಿ ಗುಲಾಬಿ ಕೇಕ್ ಮಾಡ್ಲೇಬೇಕು ಅಂತ ಆಸೆ ಇರೋ ಹುಡುಗೀರಿಗೆ, ತೊಟ್ಟಿಲು ಶಾಸ್ತ್ರಕ್ಕೆ ಮಾಡಿ. ಹುಟ್ಟಿದ ಮೇಲೆ ಹೇಳೋಕೆ ಯಾವ ಕಾನೂನೂ ಅಡ್ಡ ಬರಲ್ಲ. ಆದ್ರೆ ಅವತ್ತು ಹೇಳೋಕೆ ಬೇರೆ ವಿಷಯ ಇರುತ್ತೆ, ಹೆಸರು. ಅದನ್ನ ಗುಟ್ಟಾಗಿ ಇಟ್ಟು, ಅಕ್ಕಿ ಮೇಲೆ ಒಂದೊಂದೇ ಅಕ್ಷರ ಬರೀತಾ ಹೋದ್ರೆ ನೋಡಿ, ಬಲೂನ್ ಒಡೆದಾಗಿಗಿಂತ ಜಾಸ್ತಿ ಕಿರುಚಾಡ್ತಾರೆ.

ಆಟ ಮುಗಿದ ಮೇಲೆ ಗೆದ್ದ ಪಂಗಡಕ್ಕೆ ಏನು ಕೊಡೋದು ಅಂತ ಕೇಳಿದ್ರು. ಬಯಕೆ ಊಟದಲ್ಲಿ ಮಿಕ್ಕ ಪುಳಿಯೋಗರೆ ಕಟ್ಟಿಕೊಡಿ, ಸಾಕು. ಚೀಟಿಗಳನ್ನ ಮಾತ್ರ ಎಸೀಬೇಡಿ. ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ತಾಯಿ ಕಾರ್ಡಿನ ಜೊತೆ ಇಡಿ, ಇಲ್ಲಾ ಅಡುಗೆಮನೆ ಗೋಡೆಗೆ ಮೊಳೆ ಹೊಡೆದು ನೇತು ಹಾಕಿ. ಬರೆದವರ ಫೋಟೋ ತೆಗೆದು ಮನೆ ಗ್ರೂಪಿಗೆ ಹಾಕಿದ್ರೆ ಇನ್ನೂ ಒಳ್ಳೇದು, ಆಮೇಲೆ "ನಾನು ಬರೆದೇ ಇಲ್ಲ" ಅನ್ನೋ ಹಾಗಿರಲ್ಲ. ದೊಡ್ಡಪ್ಪನ ಮೊಮ್ಮಗಳು ಮುಂದಿನ ಭಾನುವಾರ ಈ ಆಟ ಆಡಿಸ್ತಾಳಂತೆ, ಅವಳ ಗಂಡ ಈಗಲೇ ಏನು ಬರೆಯೋದು ಅಂತ ಯೋಚನೆ ಮಾಡ್ತಿದ್ದಾನಂತೆ. ಹಲಗೆ ಅವಳ ಸೀಮಂತ ಆದ ಮೇಲೆ ನಮ್ಮನೆಗೇ ವಾಪಸ್ ಬರುತ್ತೆ. ಬೇಕಾದವರು ಬಂದು ತಗೊಂಡು ಹೋಗಿ, ಕವಡೆ ಮಾತ್ರ ನಾಲ್ಕೂ ಎಣಿಸಿ ಕೊಡಿ, ನಮ್ಮ ಅತ್ತೆಯವರದ್ದು.